ನಾಲ್ಕು ಸೆಂಟ್ಸ್ ಗದ್ದೆ, ಎರಡು ಸಲ ಹಾಕಿದ ಬೀಜ

ಜಾಗ ಉಡುಪಿ ಬದಿಯ ಪರ್ಕಳದ ಹತ್ತಿರ, ಕೆಳಮನೆ ದೊಡ್ಡಮ್ಮನ ಮಜಲು ಗದ್ದೆಯ ಒಂದು ತುಂಡು. ಅಳತೆ ನಾಲ್ಕು ಸೆಂಟ್ಸ್. ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಮೊದಲೆಲ್ಲ ಅಲ್ಲಿ ಉದ್ದು ಹಾಕುತ್ತಿದ್ದರು. ಈಗ ಮಾಡುವವರಿಲ್ಲದೆ ಹಡಿಲು ಬಿಟ್ಟಿದ್ದರು. "ಮಳೆ ಶುರುವಾಗುವ ತನಕ ನೀನೇ ಏನಾದರೂ ಹಾಕು ಮಗಾ, ಸುಮ್ನೆ ಬಿದ್ದಿರುವುದಕ್ಕಿಂತ" ಎಂದರು. ನನಗೆ ವಾರದಲ್ಲಿ ಸಿಗುವುದು ಭಾನುವಾರ ಮಾತ್ರ, ಜೊತೆಗೆ ದಿನಾ ಬೆಳಿಗ್ಗೆ ಒಂದು ಗಂಟೆ. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಮಾಡಿದ್ದನ್ನು ತಾರೀಕಿನ ಪ್ರಕಾರ ಬರೆದಿಟ್ಟಿದ್ದೇನೆ. ಹಾಳಾದದ್ದನ್ನೇ ಜಾಸ್ತಿ ಬರೆದಿದ್ದೇನೆ, ಯಾಕೆಂದರೆ ಮುಂದಿನ ವರ್ಷ ನನಗೇ ಅದು ಬೇಕಾಗುತ್ತದೆ.

ಜನವರಿ 18

ಪರ್ಯಾಯದ ದಿನ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಉಡುಪಿಗೆ ಹೋಗಿ ಬಂದದ್ದರಲ್ಲೇ ದಿನ ಕಳೆಯಿತು, ಗದ್ದೆಗೆ ಇಳಿಯಲಿಲ್ಲ. ಸಂಜೆ ಹೋಗಿ ನೋಡಿದ್ದಷ್ಟೇ. ಕೂಳೆ ಒಣಗಿ ನಿಂತಿತ್ತು, ಮಣ್ಣು ಬಿರುಕು ಬಿಟ್ಟಿತ್ತು. ಹಾರೆ ಹಾಕಿದರೆ ಎರಡು ಇಂಚು ಇಳಿದು ನಿಲ್ಲುತ್ತದೆ. ಬಾವಿಯಿಂದ ಗದ್ದೆಗೆ 70 ಅಡಿ. ನನ್ನ ಹತ್ತಿರ ಇರುವ ಪೈಪು 50 ಅಡಿ.

ಜನವರಿ 25 ಮತ್ತು 26

ಎರಡು ದಿನ ರಜೆ ಸಿಕ್ಕಿತು. ಪೈಪಿಗೆ ಮನೆಯಲ್ಲಿದ್ದ ಹಳೆಯ ತುಂಡನ್ನು ಸೇರಿಸಿದೆ. ಜಾಯಿಂಟಿಗೆ ಮತ್ತು ಕ್ಲಿಪ್ಪಿಗೆ ₹85 ಆಯಿತು. ಶನಿವಾರ ರಾತ್ರಿಯೇ ಗದ್ದೆಗೆ ನೀರು ಬಿಟ್ಟು ಮಣ್ಣು ನೆನೆಸಿದ್ದರಿಂದ ಭಾನುವಾರ ಹಾರೆ ಅರ್ಧ ಅಡಿ ಇಳಿಯಿತು. ಒಬ್ಬ ಜನ ಅರ್ಧ ದಿನಕ್ಕೆ ಬಂದರು, ₹600. ಇಬ್ಬರೂ ಸೇರಿ ಕೂಳೆ ಸಮೇತ ಮಣ್ಣು ಮಗುಚಿ, ಹೆಂಟೆ ಒಡೆದೆವು.

ನಮ್ಮ ಕಡೆಯ ಕೆಂಪು ಮಣ್ಣು ಹುಳಿ ಮಣ್ಣು. ಪಿಎಚ್ ಕಾಗದದಲ್ಲಿ ನೋಡಿದಾಗ 5.5ರ ಹತ್ತಿರ ಬಂತು. ಚಿಪ್ಪಿನ ಸುಣ್ಣ ಸೆಂಟ್ಸಿಗೆ 2 ಕೆಜಿಯಂತೆ 8 ಕೆಜಿ ಎರಚಿ ಮಣ್ಣಿಗೆ ಸೇರಿಸಿದೆ. ಖರ್ಚು ₹160. ಸುಣ್ಣ ಹಾಕಿದ ತಕ್ಷಣ ಗೊಬ್ಬರ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗಿಬಿಡುತ್ತದೆ. ಅದಕ್ಕೇ ಗೊಬ್ಬರದ ಕೆಲಸವನ್ನು ಎರಡು ವಾರ ಮುಂದಕ್ಕೆ ಹಾಕಿದೆ.

ಅದೇ ಸೋಮವಾರ ಸುಡುಮಣ್ಣು ಹಾಕಿದೆ. ಮಾಡಿದ ಕ್ರಮ ಹೀಗೆ: ಪುಣಿಯ (ಗದ್ದೆಯ ಬದುವಿನ) ಪಕ್ಕ 6 ಅಡಿ ಉದ್ದ, 3 ಅಡಿ ಅಗಲದ ಜಾಗ ಗುಡಿಸಿ, ಸುತ್ತ ನಾಲ್ಕಡಿ ಒಣಹುಲ್ಲು ಕೆತ್ತಿ ತೆಗೆದು ನೀರು ಹೊಡೆದೆ. ಕೆಳಗೆ ತೆಂಗಿನ ಸಿಪ್ಪೆ, ಅದರ ಮೇಲೆ ಚಿಕ್ಕ ಕಟ್ಟಿಗೆ, ಅದರ ಮೇಲೆ ತರಗೆಲೆ. ಎಲ್ಲಕ್ಕೂ ಮೇಲೆ ಮಣ್ಣು. ಗಾಳಿ ಬರುವ ಬದಿಯಿಂದ ಬೆಂಕಿ.

ಮೊದಲ ತಪ್ಪು ಇಲ್ಲೇ ಆಯಿತು. ಮಣ್ಣನ್ನು ಅರ್ಧ ಅಡಿ ದಪ್ಪ ಮುಚ್ಚಿದೆ, ಅದೂ ನೆನೆದ ಮಣ್ಣು. ಒಂದು ಗಂಟೆ ಹೊಗೆ ಬಂತು, ಆಮೇಲೆ ಇಲ್ಲ. ಮಂಗಳವಾರ ಬೆಳಿಗ್ಗೆ ತೆರೆದು ನೋಡಿದರೆ ತರಗೆಲೆ ಬರೀ ಬಾಡಿತ್ತು. ಮತ್ತೆ ಎಲ್ಲ ಬಿಚ್ಚಿ, ಒಣಮಣ್ಣು ಮೂರು ಇಂಚು ಮಾತ್ರ ಹಾಕಿ, ಮೇಲೆ ಮೂರು ಕಡೆ ಕೋಲಿನಿಂದ ತೂತು ಬಿಟ್ಟೆ. ಈ ಸಲ ಮೂರು ದಿನ ಒಳಗೊಳಗೇ ಕನಲಿತು. ಹೊಗೆ ನೀಲಿ ಬಣ್ಣಕ್ಕೆ ತಿರುಗಿ ತೂತಿನ ಬಾಯಿ ಕಪ್ಪಾದಾಗ ಅಲ್ಲಿಗೆ ಒಂದು ಬುಟ್ಟಿ ಮಣ್ಣು ಹಾಕಿ ಮುಚ್ಚುತ್ತಿದ್ದೆ. ಕೊನೆಗೆ ಸಿಕ್ಕಿದ್ದು ಹನ್ನೊಂದು ಬುಟ್ಟಿ ಸುಡುಮಣ್ಣು. ಕೈಯಲ್ಲಿ ಹಿಡಿದರೆ ಇಟ್ಟಿಗೆ ಹುಡಿಯ ಬಣ್ಣ, ಅವಲಕ್ಕಿಯಷ್ಟು ಹಗುರ. ಕಳೆಬೀಜ ಎಲ್ಲ ಸುಟ್ಟಿರುತ್ತದೆ, ಸಸಿ ಮಾಡಲು ಇದಕ್ಕಿಂತ ಒಳ್ಳೆಯ ಮಣ್ಣು ನಾನು ಕಂಡಿಲ್ಲ. ಆದರೆ ಆಗ ನನಗೆ ಅದು ಹೊಳೆಯಲಿಲ್ಲ, ಯಾಕೆಂದರೆ ಬೀಜ ಆಗಲೇ ಬೇರೆ ಕಡೆ ಹಾಕಿ ಆಗಿತ್ತು.

ಬೀಜ, ಮೊದಲ ಸಲ

ಜನವರಿ 25ರ ಸಂಜೆ ಜಗಲಿಯಲ್ಲಿ ಕೂತು ಎರಡು ಟ್ರೇ ತುಂಬಿಸಿದೆ. ಒಂದೊಂದರಲ್ಲಿ 98 ಗುಳಿ. ಒಂದಕ್ಕೆ ಊರ ಮೆಣಸು, ಒಂದಕ್ಕೆ ಗುಂಡು ಬದನೆ. ಮಟ್ಟುಗುಳ್ಳ ಬದನೆ ಹಾಕುವ ಆಸೆ ಇತ್ತು. ಆದರೆ ಅದರ ಸಸಿ ಮಾಡುವುದು ಮಳೆ ಕಡಿಮೆಯಾಗುವ ಹೊತ್ತಿಗೆ. ಅದಲ್ಲದೆ ಅದು ಕಟಪಾಡಿ ಬದಿಯ ಮಟ್ಟು ಊರಿನ ಮಣ್ಣಿನದ್ದು. 2011ರಲ್ಲಿ ಜಿಐ ಗುರುತು (ಒಂದು ಊರಿನ ವಿಶೇಷ ಬೆಳೆ ಎಂಬ ಗುರುತು) ಸಿಕ್ಕಿದ್ದೂ ಆ ಊರಿನ ಹೆಸರಿಗೇ. ಪರ್ಕಳದಲ್ಲಿ ಬೆಳೆದು ಅದನ್ನು ಮಟ್ಟುಗುಳ್ಳ ಎಂದು ಕರೆಯಲು ನನಗೆ ಮನಸ್ಸು ಬರಲಿಲ್ಲ.

ಟ್ರೇಗೆ ತುಂಬಿಸಿದ್ದು ಅಂಗಡಿಯ ತೆಂಗಿನ ನಾರಿನ ಹುಡಿ. 5 ಕೆಜಿಯ ಇಟ್ಟಿಗೆ, ₹220. ಅರ್ಧ ಇಟ್ಟಿಗೆಯನ್ನು ನೀರು ಹಾಕಿ ಉಬ್ಬಿಸಿ ಹಾಗೆಯೇ ತುಂಬಿದೆ. ಟ್ರೇಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದೆಸಿ, ದಿನಕ್ಕೆ ಮೂರು ಸಲ ನೀರು.

ಬದನೆ ಎಂಟನೇ ದಿನ, ಮೆಣಸು ಹತ್ತನೇ ದಿನ ತಲೆ ಎತ್ತಿದವು. ಬದನೆ 71, ಮೆಣಸು 64. ತುಂಬಾ ಖುಷಿಯಾಗಿತ್ತು.

ಫೆಬ್ರವರಿ 8

ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದರೆ ಅರ್ಧಕ್ಕಿಂತ ಜಾಸ್ತಿ ಸಸಿ ಮಲಗಿತ್ತು. ಎಣಿಸಿದೆ: ನಿಂತಿದ್ದದ್ದು ಬದನೆ 23, ಮೆಣಸು 19.

ದೊಡ್ಡಮ್ಮನನ್ನು ಕರೆದು ತೋರಿಸಿದೆ. ಅವರು ಟ್ರೇಯ ಮೂಲೆಯಿಂದ ಒಂದು ಮುಷ್ಟಿ ಹುಡಿ ತೆಗೆದು ಹಿಂಡಿ, "ಇದನ್ನು ನಾಲಿಗೆಗೆ ತಾಗಿಸಿ ನೋಡಿದ್ಯಾ?" ಎಂದು ಕೇಳಿದರು. ಬೆರಳಿಗೆ ಬಂದ ಕಂದು ನೀರನ್ನು ನಾಲಿಗೆಗೆ ಇಟ್ಟೆ. ಉಪ್ಪು. ಕಣ್ಣೀರಿನಷ್ಟಿಲ್ಲ, ಆದರೆ ಉಪ್ಪೇ. "ಸಿಪ್ಪೆ ಕೊಳೆ ಹಾಕುವುದು ಉಪ್ಪುನೀರಿನ ಹೊಳೆ ಬದಿಯಲ್ಲಿ ಅಲ್ವಾ, ಉಪ್ಪು ಎಲ್ಲಿಗೆ ಹೋಗುತ್ತದೆ" ಎಂದರು.

ಆಮೇಲೆ ಸಸಿಗಳನ್ನು ಒಂದೊಂದಾಗಿ ಕಿತ್ತು ಬಿಳಿ ಕಾಗದದ ಮೇಲಿಟ್ಟು ನೋಡಿದೆ. ಎರಡು ಥರದ ಸಾವು ಇತ್ತು. ಕೆಲವಕ್ಕೆ ಎಲೆಯ ತುದಿ ಮತ್ತು ಅಂಚು ಕಂದಾಗಿ ಸುಟ್ಟಂತೆ ಇತ್ತು, ದಂಟು ಗಟ್ಟಿ. ಇದು ಉಪ್ಪಿನದ್ದು. ಉಳಿದವಕ್ಕೆ ಎಲೆ ಇನ್ನೂ ಹಸಿರಾಗಿಯೇ ಇತ್ತು, ಆದರೆ ದಂಟು ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ನೂಲಿನಷ್ಟು ಸಪೂರವಾಗಿ, ನೀರು ತುಂಬಿದಂತೆ ಮೆತ್ತಗಾಗಿ ಬಗ್ಗಿತ್ತು. ಇದು ಬುಡಕೊಳೆ ರೋಗ. ಶಿಲೀಂಧ್ರದಿಂದ ಬರುತ್ತದೆ, ತೇವ ಜಾಸ್ತಿಯಾಗಿ ಗಾಳಿ ಆಡದಿದ್ದರೆ ಒಂದೇ ರಾತ್ರಿಯಲ್ಲಿ ಹಬ್ಬುತ್ತದೆ. ಎಣಿಸಿದಾಗ ಉಪ್ಪಿನಿಂದ ಸತ್ತದ್ದಕ್ಕಿಂತ ಕೊಳೆಯಿಂದ ಸತ್ತದ್ದೇ ಜಾಸ್ತಿ. ಅಂದರೆ ಹುಡಿ ತೊಳೆಯದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಮೂರು ಹೊತ್ತಿನ ನೀರು ಮತ್ತು ಮೊಳಕೆ ಬಂದ ಮೇಲೂ ತೆಗೆಯದ ಪ್ಲಾಸ್ಟಿಕ್. ಎರಡೂ ನಾನೇ ಮಾಡಿದ್ದು.

ನಿಂತಿದ್ದ 42 ಸಸಿಗಳನ್ನೂ ತೆಗೆದುಬಿಟ್ಟೆ. ರೋಗ ಇರುವ ಟ್ರೇಯಲ್ಲಿ ಉಳಿದವನ್ನು ಸಾಕುವುದಕ್ಕಿಂತ ಹೊಸದಾಗಿ ಹಾಕುವುದು ಒಳ್ಳೆಯದು ಅನ್ನಿಸಿತು. ಹೊಟ್ಟೆ ಉರಿಯಿತು, ಆದರೆ ಅದು ಸರಿಯಾದ ತೀರ್ಮಾನವೇ.

ಅದೇ ದಿನ ಗದ್ದೆಯಲ್ಲಿ 15 ಬುಟ್ಟಿ ಹಟ್ಟಿಗೊಬ್ಬರ ಇಳಿಸಿದೆವು, ಬುಟ್ಟಿಗೆ ₹60ರಂತೆ ₹900. ನಾಲ್ಕು ಬುಟ್ಟಿಯಲ್ಲಿ ಮಧ್ಯಕ್ಕೆ ಕೈ ಹಾಕಿದರೆ ಇನ್ನೂ ಬಿಸಿ ಇತ್ತು, ಪೂರ್ತಿ ಕಳಿತಿರಲಿಲ್ಲ. ಅದನ್ನು ತೆಂಗಿನ ಬುಡಕ್ಕೆ ಹಾಕಿದೆ. ಒಂದು ಬುಟ್ಟಿ ಕಳಿತ ಗೊಬ್ಬರವನ್ನು ಜರಡಿ ಹಿಡಿದು, ಬುಡಕೊಳೆ ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾದ ಹುಡಿ (₹140) ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ಮುಚ್ಚಿ ಒಂದು ವಾರ ಇಟ್ಟೆ. ಉಳಿದದ್ದನ್ನು ಸಾಲುಗಳಿಗೆ ಹರಡಿದೆ. ಒಂದು ಏರಿ ಸರಿಮಾಡಿ ಕೆಂಪು ಹರಿವೆ ಬೀಜ ಚೆಲ್ಲಿದೆ.

ಫೆಬ್ರವರಿ ಎರಡನೇ ವಾರ

ಕೆಡ್ಡಸ. ತುಳುವಿನ ಪೊನ್ನಿ ತಿಂಗಳ ಕೊನೆ, ಭೂಮಿ ತಾಯಿ ಮುಟ್ಟಾಗುವ ದಿನಗಳು. ಹಾರೆ, ಕತ್ತಿ ನೆಲಕ್ಕೆ ತಾಗಿಸುವ ಹಾಗಿಲ್ಲ. ದೊಡ್ಡಮ್ಮ ಅಂಗಳದ ತುಳಸಿಕಟ್ಟೆ ಹತ್ತಿರ ಎಣ್ಣೆ, ಅರಸಿನ ಇಟ್ಟರು. ನನಗೆ ಒಂದು ಡಬ್ಬ ನನ್ಯೆರಿ ಬಂತು, ಅಕ್ಕಿ ಹುರಿದು ಹುಡಿ ಮಾಡಿ ಬೆಲ್ಲ, ಕಾಯಿ ಸೇರಿಸಿದ್ದು. ಹರಿವೆ ಏರಿಯ ಹತ್ತಿರ ಹೋಗಿ ನೋಡುವುದನ್ನಂತೂ ಬಿಡಲಿಲ್ಲ. ಅಲ್ಲಿ ಕಂಡದ್ದು ಇರುವೆ ಸಾಲು. ಒಂದೊಂದು ಇರುವೆಯ ಬಾಯಲ್ಲೂ ಒಂದೊಂದು ಕಪ್ಪು ಬೀಜ, ಪುಣಿಯ ಬಿರುಕಿನ ಒಳಗೆ ಹೋಗುತ್ತಿದ್ದವು. ಐದನೇ ದಿನಕ್ಕೆ ಹುಟ್ಟಬೇಕಾದ ಹರಿವೆ ಅಲ್ಲೊಂದು ಇಲ್ಲೊಂದು ಹುಟ್ಟಿತು.

ಫೆಬ್ರವರಿ 14, 15, 16: ಬೀಜ, ಎರಡನೇ ಸಲ

ಶನಿವಾರ ಸಂಜೆ ಉಳಿದ ಅರ್ಧ ಇಟ್ಟಿಗೆ ನಾರಿನ ಹುಡಿಯನ್ನು ಗೋಣಿಗೆ ತುಂಬಿ ಡ್ರಮ್ಮಿನ ನೀರಲ್ಲಿ ಮುಳುಗಿಸಿ, ತುಳಿದು, ಹಿಂಡಿದೆ. ಮೊದಲ ನೀರು ಕಪ್ಪು ಕಾಫಿಯ ಹಾಗೆ. ಎರಡನೆಯದು ಚಾ ಬಣ್ಣ. ಮೂರನೆಯದನ್ನು ನಾಲಿಗೆಗೆ ಇಟ್ಟಾಗ ಉಪ್ಪು ಗೊತ್ತಾಗಲಿಲ್ಲ. ತೊಳೆದ ನೀರನ್ನೆಲ್ಲ ತೆಂಗಿನ ಬುಡಕ್ಕೆ ಬಿಟ್ಟೆ, ತೆಂಗಿಗೆ ಉಪ್ಪಿನಿಂದ ತೊಂದರೆ ಇಲ್ಲ.

ಭಾನುವಾರ ಶಿವರಾತ್ರಿ. ಬೆಳಿಗ್ಗೆಯೇ ಮಿಶ್ರಣ ಮಾಡಿದೆ: ತೊಳೆದ ನಾರಿನ ಹುಡಿ ಎರಡು ಪಾಲು, ಜರಡಿ ಹಿಡಿದ ಸುಡುಮಣ್ಣು ಒಂದು ಪಾಲು, ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಒಂದು ಪಾಲು. ತೇವ ಎಷ್ಟಿರಬೇಕು ಅಂದರೆ, ಮುಷ್ಟಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಿಂದ ನೀರು ಬರಬಾರದು. ಹಳೆಯ ಟ್ರೇ ಮುಟ್ಟಲಿಲ್ಲ, ಹೊಸದು ಎರಡು ತಂದೆ. ಹಳೆಯದು, ಹೊಸದು ಸೇರಿ ನಾಲ್ಕು ಟ್ರೇಗೆ ₹120. ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿದೆ. ಟ್ರೇಯನ್ನು ಅಡಿಕೆ ಸಲಕೆಯ (ಸೀಳಿದ ಮರದ ಪಟ್ಟಿಯ) ಚೌಕಟ್ಟಿನ ಮೇಲೆ, ಕೆಳಗೆ ಗಾಳಿ ಆಡುವ ಹಾಗೆ ಇಟ್ಟೆ. ಮೇಲೆ ಒದ್ದೆ ಗೋಣಿ. ಮೊದಲ ಮೊಳಕೆ ಕಂಡ ದಿನವೇ ಗೋಣಿ ತೆಗೆಯುವುದು ಎಂದು ಕ್ಯಾಲೆಂಡರಿನಲ್ಲಿ ಬರೆದೆ. ನೀರು ಬೆಳಿಗ್ಗೆ ಏಳಕ್ಕೆ ಒಂದೇ ಸಲ, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ.

ಸೌತೆ, ಹೀರೆ, ಹಾಗಲಕ್ಕೆ ಟ್ರೇಯ ಗುಳಿ ಸಾಕಾಗುವುದಿಲ್ಲ, ಬೇರು ಬೇಗ ಬೆಳೆಯುತ್ತದೆ. ಅವಕ್ಕೆ ಗೆರಟೆ (ತೆಂಗಿನ ಚಿಪ್ಪು) ತೆಗೆದುಕೊಂಡೆ. ಡ್ರಿಲ್ಲಿನಿಂದ ತೂತು ಕೊರೆಯಲು ಹೋಗಿ ನಾಲ್ಕು ಗೆರಟೆ ಒಡೆಯಿತು. ನಾಲ್ಕೂ ಕಣ್ಣಿಲ್ಲದ ಅರ್ಧದವು. ಕಣ್ಣಿರುವ ಅರ್ಧ ಸಿಕ್ಕಿದರೆ ಡ್ರಿಲ್ಲೇ ಬೇಡ. ಮೂರು ಕಣ್ಣಿನಲ್ಲಿ ಒಂದು ಮೆತ್ತಗೆ ಇರುತ್ತದೆ, ಮೊಳೆ ಇಟ್ಟು ಒತ್ತಿದರೆ ತೂತಾಗುತ್ತದೆ. ಅಮ್ಮ ಹೇಳಿದ ಮೇಲೆ ನೆರೆಹೊರೆಯಿಂದಲೂ ಆಯ್ದು ತಂದು 30 ಗೆರಟೆ ಮಾಡಿದೆ. ಸೌತೆ 12, ಹೀರೆ 6, ಹಾಗಲ 12. ಸೌತೆ ಬೀಜ ದೊಡ್ಡಮ್ಮನದ್ದು. ಮಾಡಿಗೆ ಬಾಳೆಹಗ್ಗದಲ್ಲಿ ಕಟ್ಟಿ ತೂಗುಹಾಕಿದ್ದ ಸಾಂಬಾರು ಸೌತೆಯನ್ನು ಕೊಯ್ದು, ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದ್ದು. ಉಳಿದ ಬೀಜಕ್ಕೆಲ್ಲ ಸೇರಿ ₹210.

ಸೋಮವಾರ ಬೆಳಿಗ್ಗೆ ಹರಿವೆ ಮತ್ತೆ ಹಾಕಿದೆ. ಒಂದು ಚಮಚ ಬೀಜಕ್ಕೆ ಹತ್ತು ಮುಷ್ಟಿ ಮರಳು ಬೆರೆಸಿ ಚೆಲ್ಲಿ, ಮೇಲೆ ಸುಡುಮಣ್ಣು ತೆಳ್ಳಗೆ ಉದುರಿಸಿ, ಏರಿಯ ಸುತ್ತ ಒಂದು ಲೋಟ ಅಕ್ಕಿ ನುಚ್ಚು ಹಾಕಿದೆ. ಇರುವೆಗಳು ನುಚ್ಚನ್ನೇ ಹೊತ್ತುಕೊಂಡು ಹೋದವು. ನುಚ್ಚು ಖಾಲಿಯಾಗುವ ಹೊತ್ತಿಗೆ ಹರಿವೆ ಹುಟ್ಟಿ ಆಗಿತ್ತು.

ಫೆಬ್ರವರಿ 22

ಸೌತೆ 11, ಹೀರೆ 5 ಹುಟ್ಟಿವೆ. ಹಾಗಲ ಒಂದೂ ಇಲ್ಲ. ಅಲಸಂಡೆ, ಬೆಂಡೆ ನೇರ ಸಾಲಿಗೇ ಹಾಕಿದೆ. ಬೆಂಡೆ ಎರಡಡಿ ಸಾಲಿನಲ್ಲಿ ಒಂದಡಿಗೆ ಒಂದು. ಅಲಸಂಡೆ 40 ಗುಳಿ.

ಫೆಬ್ರವರಿ 28 ಮತ್ತು ಮಾರ್ಚ್ 1

ಅಲಸಂಡೆ 26ರಂದೇ ಚೆನ್ನಾಗಿ ಹುಟ್ಟಿತ್ತು. 28ರ ಬೆಳಿಗ್ಗೆ ಆರೂವರೆಗೆ ಹೋದಾಗ ಗದ್ದೆಯಲ್ಲಿ ಐದು ನವಿಲು. ನನ್ನನ್ನು ನೋಡಿ ಓಡಲಿಲ್ಲ, ಪುಣಿಯ ಮೇಲೆ ನಿಧಾನ ನಡೆದು ಹೋದವು. 40ರಲ್ಲಿ 31 ಗಿಡದ ತಲೆ ಇಲ್ಲ. ಬೇಳೆ ಎಲೆಯನ್ನೇ ಕಿತ್ತು ತಿಂದಿದ್ದರಿಂದ ಮತ್ತೆ ಚಿಗುರುವ ಹಾಗೂ ಇಲ್ಲ.

ಮಾರ್ಚ್ 1ರಂದು ಮಲ್ಪೆಗೆ ಹೋಗಿ ಹಳೆಯ ಮೀನಿನ ಬಲೆ ತಂದೆ. 3 ಕೆಜಿಗೆ ₹270. ಅಡಿಕೆ ಸಲಕೆ ಹುಗಿದು ಸುತ್ತ ಬಲೆ ಕಟ್ಟಿದೆ, ಕೆಳಗಿನ ಅಂಚನ್ನು ನೆಲದ ಮೇಲೆ ಒಂದಡಿ ಸಡಿಲ ಬಿಟ್ಟೆ, ನುಸುಳಿ ಬಾರದಿರಲಿ ಎಂದು. ಅಲಸಂಡೆ ಮತ್ತೆ ಹಾಕಿದೆ.

ಸಂಜೆ ಐದರ ನಂತರ ಸೌತೆ ನೆಟ್ಟೆ. ಹೊಂಡ ಒಂದೂವರೆ ಅಡಿ ಅಗಲ, ಒಂದಡಿ ಆಳ, ಆರಡಿಗೊಂದು. ಹೊಂಡಕ್ಕೆ ಅರ್ಧ ಬುಟ್ಟಿ ಗೊಬ್ಬರ, ಅರ್ಧ ಬುಟ್ಟಿ ಸುಡುಮಣ್ಣು. ಕತ್ತಿಯ ಹಿಂಬದಿಯಿಂದ ಗೆರಟೆಗೆ ಒಂದೇ ಪೆಟ್ಟು ಕೊಟ್ಟರೆ ಎರಡು ಹೋಳಾಗುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಮೇಲೆ ಮಡಲಿನ (ತೆಂಗಿನ ಗರಿಯ) ತುಂಡು ಓರೆಯಾಗಿ ಊರಿ ಮೂರು ದಿನ ನೆರಳು ಕೊಟ್ಟೆ. ಹನ್ನೊಂದೂ ಬದುಕಿವೆ.

ಹಾಗಲದ ಒಂದು ಗೆರಟೆ ಕೆದಕಿ ನೋಡಿದೆ. ಎರಡು ವಾರವಾದರೂ ಬೀಜ ಹಾಕಿದ ಹಾಗೇ ಗಟ್ಟಿ. ಅದರ ಸಿಪ್ಪೆ ದಪ್ಪ, ನೀರು ಒಳಗೆ ಹೋಗಿಲ್ಲ. ಹನ್ನೆರಡನ್ನೂ ತೆಗೆದು, ಚೂಪು ತುದಿಯನ್ನು ನೈಲ್‌ಕಟರಿನಿಂದ ಸ್ವಲ್ಪವೇ ಕತ್ತರಿಸಿ, ರಾತ್ರಿ ಬೆಚ್ಚಗಿನ ನೀರಲ್ಲಿ ನೆನೆಸಿ, ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯಲ್ಲಿಟ್ಟೆ. ನಾಲ್ಕನೇ ದಿನ ಒಂಬತ್ತಕ್ಕೆ ಬಿಳಿ ಬೇರು ಬಂತು.

ಮಾರ್ಚ್ 5

ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಬಲೆ ಕಟ್ಟುವವರೆಲ್ಲ ಓದಬೇಕು. ನೆಲದ ಮೇಲೆ ಸಡಿಲ ಬಿಟ್ಟ ಬಲೆಯಲ್ಲಿ ಒಂದು ಕೇರೆ ಹಾವು ಸಿಕ್ಕಿಹಾಕಿಕೊಂಡಿತ್ತು. ಆರಡಿ ಇರಬಹುದು. ತಲೆ ಮತ್ತು ಅರ್ಧ ಮೈ ಬಲೆಯ ಒಂದು ಕಣ್ಣಿನಲ್ಲಿ ದಾಟಿ, ದಪ್ಪ ಭಾಗ ಬಿಗಿಯಾಗಿ ನಿಂತಿತ್ತು. ಒದ್ದಾಡಿದಷ್ಟೂ ನೂಲು ಹುರುಪೆಯ ಅಡಿಗೆ ಹೋಗಿತ್ತು. ಕೇರೆ ಎಂದು ಖಾತ್ರಿ ಇದ್ದುದರಿಂದ ನಾವೇ ಕೈ ಹಾಕಿದೆವು. ಬೇರೆ ಹಾವಾಗಿದ್ದರೆ ಹಾವು ಹಿಡಿಯುವವರನ್ನೇ ಕರೆಯಬೇಕು. ಅಣ್ಣ ಒದ್ದೆ ಗೋಣಿಯನ್ನು ತಲೆಯ ಮೇಲೆ ಹಾಕಿ ಹಗುರವಾಗಿ ಹಿಡಿದ. ನಾನು ಚಿಕ್ಕ ಕತ್ತರಿಯಿಂದ ಒಂದೊಂದೇ ನೂಲು ಕತ್ತರಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಬಿಟ್ಟಾಗ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ, ಆಮೇಲೆ ನಿಧಾನ ಪುಣಿ ದಾಟಿ ಹೋಯಿತು. ಗದ್ದೆಯ ಇಲಿ ತಿನ್ನುವುದು ಅದೇ ಹಾವು. ನನ್ನ ಸಡಿಲ ಬಲೆಯಿಂದ ಅದು ಬಿಸಿಲಲ್ಲಿ ಸಾಯುತ್ತಿತ್ತು.

ಅಂದೇ ಬಲೆಯನ್ನು ನೆಲದಿಂದ ಎಂಟು ಇಂಚು ಮೇಲಕ್ಕೆತ್ತಿ ಬಿಗಿಯಾಗಿ ಎಳೆದು ಕಟ್ಟಿದೆ. ಕೆಳಗಿನ ಸಂದಿಗೆ ಮಡಲು ಸೀಳಿ ಒತ್ತಾಗಿ ಊರಿದೆ. ಹಾವು ನುಸುಳುತ್ತದೆ, ನವಿಲು ನುಸುಳುವುದಿಲ್ಲ. ಆಮೇಲೆ ನವಿಲು ಹೊರಗೆ ಸುತ್ತಿದ್ದು ಕಂಡಿದ್ದೇನೆ, ಒಳಗೆ ಬಂದದ್ದಿಲ್ಲ.

ಮಾರ್ಚ್ 15

ಎರಡನೇ ಸಲದ ಟ್ರೇ ಲೆಕ್ಕ: ಮೆಣಸು 98ರಲ್ಲಿ 83 ಹುಟ್ಟಿ 77 ಇವೆ. ಬದನೆ 86 ಹುಟ್ಟಿ 82 ಇವೆ. ದಂಟು ಬುಡದಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆ. ಇನ್ನೊಂದು ವಾರಕ್ಕೆ ನೆಡಬಹುದು. ಇಷ್ಟೊಂದು ಸಸಿಗೆ ನನ್ನಲ್ಲಿ ಜಾಗವಿಲ್ಲ, ಅರ್ಧ ದೊಡ್ಡಮ್ಮನ ಹಿತ್ತಿಲಿಗೆ.

ಹರಿವೆ ಇವತ್ತು ಮೊದಲ ಸಲ ಕಿತ್ತೆ, ನಾಲ್ಕು ಕಟ್ಟು. ಹಾಗಲಕ್ಕೆ ಚಪ್ಪರ ಇನ್ನೂ ಆಗಿಲ್ಲ, ಸಲಕೆ ಸೀಳಿ ಇಟ್ಟಿದ್ದೇನೆ. ಒಟ್ಟು ಖರ್ಚು ಇಲ್ಲಿಯ ತನಕ ₹2,705.

ಈಗಿನ ಚಿಂತೆ ನೀರು. ಜನವರಿಯಲ್ಲಿ ಬಾವಿಯ ನೀರು ಕಟ್ಟೆಯಿಂದ 18 ಅಡಿಗೆ ಇತ್ತು. ಇವತ್ತು ಕೊಡಪಾನದ ಹಗ್ಗ ಇಳಿಸಿ ಅಳೆದರೆ 22 ಅಡಿ. ಗಿಡಗಳ ಬುಡಕ್ಕೆ ತರಗೆಲೆ ನಾಲ್ಕು ಇಂಚು ಮುಚ್ಚಿ, ಪೈಪು ಬಿಟ್ಟು ಕೊಡಪಾನದಲ್ಲೇ ಬುಡಕ್ಕೆ ಹಾಕಲು ಶುರುಮಾಡಿದ್ದೇನೆ. ಹಗ್ಗಕ್ಕೆ 22ರ ಹತ್ತಿರ ಕೆಂಪು ಬಟ್ಟೆ ಕಟ್ಟಿದ್ದೇನೆ, ಮುಂದಿನ ಭಾನುವಾರ ಮತ್ತೆ ಇಳಿಸಿ ನೋಡಬೇಕು.